ಕುದುರೆಯ ಕಿವಿ ಮಾತ್ರ ನೋಡಿದವನು

ಜಿಡ್ಡುಹುಲ್ಲಿನ ಹೊಳೆಯ ದಂಡೆಯಲ್ಲಿ ನೀಲಿ ಕೋಟಿನ ಕುದುರೆ ಸೈನಿಕರ ಜೊತೆ ನಡೆದ ಕಾಳಗದಲ್ಲಿ ಸತ್ತ ಸಿಪಾಯಿಗಳು ಇನ್ನೂರೈವತ್ತರ ಮೇಲೆ ಸ್ವಲ್ಪ. ಅವರನ್ನು ಎಲ್ಲರಿಗಿಂತ ಮೊದಲು ಮುಟ್ಟಿದ್ದು ತಾನೇ ಎಂದು ಹೇಳುವ ನಮ್ಮ ಗಂಡಸರು, ಹದಿಮೂರು ಚಳಿಗಾಲ ಕಳೆಯುವಷ್ಟರಲ್ಲಿ, ಆರುನೂರರ ಹತ್ತಿರ ಬಂದಿದ್ದರು. ನಮ್ಮ ಲಕೋಟ ಬುಡಕಟ್ಟಿನಲ್ಲಿ ಶತ್ರುವನ್ನು ಕೊಲ್ಲುವುದಕ್ಕಿಂತ ಬದುಕಿರುವ ಶತ್ರುವಿನ ಮೈ ಮುಟ್ಟಿ ಬರುವುದು ದೊಡ್ಡದು. ಕೋಲಿನಿಂದ ಮುಟ್ಟಿದರೆ ಮಾನ, ಬರಿಗೈಯಲ್ಲಿ ಮುಟ್ಟಿದರೆ ಇನ್ನೂ ಹೆಚ್ಚಿನ ಮಾನ. ಈ ಆರುನೂರು ಜನ ಹೇಳುವುದನ್ನೆಲ್ಲ ನಂಬಿದರೆ, ಪಾಪ, ಒಬ್ಬೊಬ್ಬ ಸಿಪಾಯಿಯೂ ಸಾಯುವ ಮುಂಚೆ ಸಂತೆಗೆ ಬಂದ ಹೋರಿಯ ಹಾಗೆ ಊರಿನವರ ಕೈಯಲ್ಲೆಲ್ಲ ಮೈ ತಡವಿಸಿಕೊಂಡಿರಬೇಕು.

ಇಷ್ಟು ಶೂರರ ನಡುವೆ ಒಬ್ಬನೇ ಒಬ್ಬ, ತಾನೇನೂ ನೋಡಲಿಲ್ಲ ಅನ್ನುತ್ತಿದ್ದ. ಅವನ ಹೆಸರು ಪೆಹಾನ್, ಅಂದರೆ ಕೊಕ್ಕರೆ. ಉದ್ದ ಕಾಲು, ಉದ್ದ ಕತ್ತು, ಕಡಿಮೆ ಮಾತು. ಆ ದಿನ ಹೊಳೆ ಹತ್ತಿರ ಏನು ನೋಡಿದೆಯಪ್ಪಾ ಎಂದು ಯಾರು ಕೇಳಿದರೂ ಅವನದು ಒಂದೇ ಉತ್ತರ.

"ಕುದುರೆ ಕಿವಿ ನೋಡ್ತಾ ಇದ್ದೆ."

"ಮತ್ತೆ?"

"ಇನ್ನೊಂದು ಕಿವಿ."

ಹೀಗಾಗಿ ಜನ ಅವನ ಅಪ್ಪ ಇಟ್ಟ ಹೆಸರನ್ನು ಮರೆತು ಕುದುರೆಕಿವಿ ಎಂದೇ ಕರೆಯತೊಡಗಿದರು. ಯುದ್ಧದಲ್ಲಿ ಕಣ್ಣು ಮುಚ್ಚಿ ಓಡಿದವನಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೇ ಎಂಬುದು ಅದರ ಒಳಗಿನ ಚುಚ್ಚು. ಅವನು ಆ ಹೆಸರಿಗೂ ಓಗೊಡುತ್ತಿದ್ದ.

ನಿಜ ಏನೆಂದು ನಾನು ಹೇಳುತ್ತೇನೆ. ಅದಕ್ಕೆ ಮೊದಲು ಅತ್ತೆಯ ವಿಷಯ ಹೇಳಬೇಕು, ಯಾಕೆಂದರೆ ಈ ಕತೆಯಲ್ಲಿ ಕುದುರೆಗಿಂತ ದೊಡ್ಡದು ಅತ್ತೆ.

ನಮ್ಮಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡುವುದಿಲ್ಲ, ಅವಳ ಜೊತೆ ಮಾತಾಡುವುದಿಲ್ಲ, ಅವಳ ಹೆಸರೆತ್ತುವುದಿಲ್ಲ. ಅವಳೂ ಹಾಗೆಯೇ. ಅಳಿಯ ಬಂದರೆ ಶಾಲು ಮುಖದ ಮೇಲೆ ಬೀಳುತ್ತದೆ. ಏನಾದರೂ ಹೇಳುವುದಿದ್ದರೆ ನಡುವೆ ಮೂರನೆಯವರು ಬೇಕು. ಮನುಷ್ಯರು ಸಿಗದಿದ್ದರೆ ನಾಯಿಯೋ ಕುದುರೆಯೋ ಆದರೂ ಆಗುತ್ತದೆ. ಇದನ್ನು ನೋಡಿದ ಬಿಳಿಯರು ಅತ್ತೆ ಅಳಿಯನಿಗೆ ಹಗೆ ಎಂದು ತಿಳಿದುಕೊಂಡರು. ಹಗೆಯಿದ್ದರೆ ಮುಖ ನೋಡಿ ಬಯ್ಯುತ್ತಿದ್ದೆವಲ್ಲ. ಮಗಳನ್ನು ಹೆತ್ತು ಕೊಟ್ಟವಳಿಗೆ ಕೊಡುವ ಮರ್ಯಾದೆ ಅದು, ಮತ್ತು ಪೆಹಾನನ ಮನಸ್ಸಿನಲ್ಲಿ ಆ ಮರ್ಯಾದೆ ಬೆಟ್ಟದಷ್ಟಿತ್ತು.

ಅವನ ಅತ್ತೆ ವಿಯಾಕಾ. ಕಾಳಗದ ಹೊತ್ತಿಗೆ ಹಾಂತೆವಿನ್ ಎಂಬ ಮಗಳನ್ನು ಅವನಿಗೆ ಕೊಟ್ಟು ಹನ್ನೊಂದು ವರ್ಷವಾಗಿತ್ತು. ಆ ಹನ್ನೊಂದು ವರ್ಷವೂ ಅವನಿಗೆ ಅವಳೆಂದರೆ ಒಂದು ಕೆಂಪು ಶಾಲು, ಒಂದು ಗಡಸು ದನಿ, ಮತ್ತು ಯಾರೂ ಮಾಡಲಾಗದಷ್ಟು ರುಚಿಯಾದ ಒಣಮಾಂಸದ ಉಂಡೆ, ಇಷ್ಟೇ. ಅವಳಿಗೆ ಶುಂಗೀಲ ಎಂಬ ಮಗನೂ ಇದ್ದ. ಭಾವನನ್ನು ಗೋಳುಹೊಯ್ದುಕೊಳ್ಳುವುದು ಭಾವಮೈದುನನ ಹಕ್ಕು. ಅತ್ತೆಯ ಮುಂದೆ ಮುಚ್ಚಿಕೊಂಡ ಬಾಯಿಯನ್ನೆಲ್ಲ ನಮ್ಮ ಗಂಡಸರು ಭಾವಮೈದುನನ ಮುಂದೆ ಬಿಚ್ಚುತ್ತಾರೆ. ಪೆಹಾನ್ ಅಲ್ಲಿಯೂ ಬಿಚ್ಚುತ್ತಿರಲಿಲ್ಲ, ಆದ್ದರಿಂದ ಶುಂಗೀಲ ಇಬ್ಬರ ಪಾಲಿನದನ್ನೂ ತಾನೇ ಮಾತಾಡುತ್ತಿದ್ದ.

ಆ ದಿನ ಬೇಸಿಗೆಯ ಸುಡು ಮಧ್ಯಾಹ್ನ. ಹಾಂತೆವಿನ್ ಗೆಡ್ಡೆ ಅಗೆಯಲು ಹೆಂಗಸರ ಜೊತೆ ದಿಣ್ಣೆಯಾಚೆ ಹೋಗಿದ್ದಳು. ಶುಂಗೀಲ ಹೊಳೆಯಲ್ಲಿ ಈಜುತ್ತಿದ್ದ. ಪೆಹಾನ್ ತನ್ನ ಬೂದುಬಣ್ಣದ ಹೆಣ್ಣುಕುದುರೆಗೆ, ಅದರ ಹೆಸರೇ ಬೂದಿ, ನೀರು ಕುಡಿಸಿ ಬರುತ್ತಿದ್ದ. ಅಷ್ಟರಲ್ಲಿ ಡೇರೆಗಳ ತುದಿಯಲ್ಲಿ ಗುಂಡಿನ ಸದ್ದು. ದೂಳು, ಕೂಗು, ನಾಯಿಗಳು, ಮಕ್ಕಳನ್ನು ಎತ್ತಿಕೊಂಡು ಓಡುವ ತಾಯಂದಿರು. ಹೆಂಗಸರು ಗೆಡ್ಡೆ ಅಗೆಯುವಾಗ, ಮಕ್ಕಳು ಮೀಯುವಾಗ ನುಗ್ಗುವುದಕ್ಕೆ ವಾಷಿಂಗ್ಟನ್ನಿನವರ ಭಾಷೆಯಲ್ಲಿ ಶಾಂತಿ ಸ್ಥಾಪನೆ ಅನ್ನುತ್ತಾರಂತೆ.

ಅವನು ಡೇರೆಗೆ ಓಡಿ ಬಂದಾಗ ಅಲ್ಲಿದ್ದದ್ದು ಅತ್ತೆ ಒಬ್ಬಳೇ. ಹಿಂದಿನ ಚಳಿಗಾಲದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು, ಓಡುವ ಹಾಗಿರಲಿಲ್ಲ. ಅವನ ನಾಲ್ಕು ವರ್ಷದ ಮಗಳು ಜಿತ್ಕಾಲ ಕಾಣಲಿಲ್ಲ. ಶಾಲು ಮುಖದ ಮೇಲೆ ಬಿತ್ತು. ಶಾಲಿನ ಒಳಗಿಂದ ದನಿ ಬಂತು.

"ಬೂದಿ, ನಿನ್ನ ಯಜಮಾನನಿಗೆ ಹೇಳು. ಮಗೂನ ಪಕ್ಕದ ಡೇರೆಯವ್ರು ಎತ್ಕೊಂಡು ಹೋದ್ರು. ಅವನು ಹೋಗ್ಲಿ, ನಾನು ಇಲ್ಲೇ ಇರ್ತೀನಿ."

ಪೆಹಾನ್ ಬೇರೆ ಕಡೆ ಮುಖ ತಿರುಗಿಸಿಕೊಂಡೇ ಕುದುರೆಗೆ ಹೇಳಿದ. "ಬೂದಿ, ದೊಡ್ಡೋರಿಗೆ ಹೇಳು. ಅವರು ಹತ್ತದೆ ಇದ್ರೆ ನೀನೂ ಹೋಗಲ್ಲ, ನಾನೂ ಹೋಗಲ್ಲ ಅಂತ."

ಹೇಳಿ, ಕುದುರೆಯ ಪಕ್ಕದಲ್ಲಿ ಕೈಕಾಲೂರಿ ದನದಂತೆ ಬಗ್ಗಿ ನಿಂತ. ಮುಖ ನೆಲಕ್ಕೆ. ಅವಳು ಅವನ ಬೆನ್ನ ಮೇಲೆ ಕಾಲಿಟ್ಟು ಹತ್ತಿದಳು. ಹನ್ನೊಂದು ವರ್ಷದಲ್ಲಿ ಅತ್ತೆ ಅಳಿಯನನ್ನು ಮುಟ್ಟಿದ್ದು ಅದೇ ಮೊದಲು, ಅದೂ ಪಾದದಿಂದ. ಅವನು ಮುಂದೆ ಹಾರಿ ಕುಳಿತ. ಹಿಂದೆ ಅವಳು. ಕುತ್ತಿಗೆ ಒಂದಿಷ್ಟು ಹೊರಳಿದರೂ ಅವಳ ಮುಖ ಕಂಡೀತೆಂದು ಅವನು ಬೂದಿಯ ಎರಡು ಕಿವಿಗಳ ನಡುವೆ ಕಣ್ಣು ನೆಟ್ಟ. ಹೀಗೆ ಗುಂಡಿನ ಮಳೆಯ ನಡುವೆ ಅವರ ಮೆರವಣಿಗೆ ಹೊರಟಿತು.

"ಬೂದಿ, ಎಡಕ್ಕೆ ಹೋಗು. ಬಲಗಡೆ ಗುಂಡು ಬೀಳ್ತಾ ಇದೆ. ಮುಂದೆ ಕೂತಿರೋನಿಗೆ ಕಿವಿ ಇದ್ರೆ ಕೇಳಿಸ್ಕೊಳ್ಳಲಿ."

"ಬೂದಿ, ನೀನೀಗ ಹಳ್ಳ ಹಾರ್ತೀಯ. ದೊಡ್ಡೋರು ಬಿಗಿಯಾಗಿ ಹಿಡ್ಕೋಬೇಕಂತೆ."

"ಏನನ್ನ ಹಿಡ್ಕೊಳ್ಳಲಿ ಅಂತ ಕೇಳು ಬೂದಿ. ಇವನ ಜಡೇನಾ?"

ಉತ್ತರಕ್ಕೆ ಕಾಯದೆ ಅವಳು ಬೂದಿಯ ಹೊಟ್ಟೆಗೆ ಕಟ್ಟಿದ್ದ ಹಗ್ಗ ಹಿಡಿದುಕೊಂಡಳು.

ಅಷ್ಟರಲ್ಲಿ ಗಾಳಿ ತಿರುಗಿತು. ನಮ್ಮವರು ಸೈನಿಕರ ಮೇಲೆ ಬಿದ್ದಿದ್ದರು. ಶಾಂತಿ ಸ್ಥಾಪಿಸಲು ಬಂದವರು ಬಂದದ್ದಕ್ಕಿಂತ ಬೇಗ ವಾಪಸು ಹೊರಟು, ಹೊಳೆ ದಾಟಿದರೆ ಸಾಕೆಂದು ನೀರಿನ ಕಡೆಗೆ ಕುದುರೆ ಓಡಿಸುತ್ತಿದ್ದರು. ವಿಯಾಕಾ ಆ ಕಡೆ ನೋಡಿದಳು. ದಂಡೆಯ ಪೊದೆಯ ಕೆಳಗೆ, ಸರಿಯಾಗಿ ಆ ಕುದುರೆಗಳ ದಾರಿಯಲ್ಲಿ, ಒಂದು ನಾಯಿಮರಿಯನ್ನು ಅವಚಿಕೊಂಡು ಜಿತ್ಕಾಲ ಕುಳಿತಿತ್ತು. ಪಕ್ಕದ ಡೇರೆಯವರ ಕೈ ಬಿಡಿಸಿಕೊಂಡು ನಾಯಿಮರಿಯ ಹಿಂದೆ ಬಂದಿರಬೇಕು.

"ಬೂದಿ, ಮಗು," ಎಂದಳು. ಗುಂಡಿನ ಸದ್ದು. "ಬೂದಿ, ನಮ್ಮ ಮಗು ಹೊಳೆ ಹತ್ರ ಇದೆ." ಮತ್ತೆ ಸದ್ದು. ಪೆಹಾನ್ ಕುದುರೆಯ ಕಿವಿಗಳನ್ನೇ ನೋಡುತ್ತ ದಿಣ್ಣೆಯ ಕಡೆ ಹೋಗುತ್ತಿದ್ದ. ಅವನ ಮರ್ಯಾದೆ ಅವನನ್ನು ಮಗಳಿಂದ ದೂರ ದೂರ ಒಯ್ಯುತ್ತಿತ್ತು.

ವಿಯಾಕಾ ಆಗ ಅವನ ಜಡೆ ಹಿಡಿದೆಳೆದು ಕೂಗಿದಳು. "ಪೆಹಾನ್, ತಿರುಗಿ ನೋಡು."

ಅವನು ತಿರುಗಿದ. ಶಾಲು ಗಾಳಿಗೆ ಜಾರಿ ಹೆಗಲ ಮೇಲೆ ಬಿದ್ದಿತ್ತು. ದನಿಯಷ್ಟೇ ದೊಡ್ಡ ಮುಖ ಇರಬಹುದೆಂದು ಅವನು ಅಂದುಕೊಂಡಿದ್ದ, ಸಣ್ಣ ಮುಖ. ಗಲ್ಲದ ಮೇಲೊಂದು ಹಳೆಯ ಗಾಯದ ಗೆರೆ. ಕಣ್ಣು ಮಾತ್ರ ಹಾಂತೆವಿನ್ನಳದೇ, ನೀರು ತುಂಬಿದ್ದವು. ಅವಳು ಬೆರಳಿನ ಬದಲು ತುಟಿ ಮುಂದೆ ಮಾಡಿ ಹೊಳೆಯ ಕಡೆ ತೋರಿಸಿದಳು.

ಆಮೇಲೆ ನಡೆದದ್ದು ಎರಡು ಉಸಿರಿನಷ್ಟು ಹೊತ್ತಿನದು. ಬೂದಿ ದಂಡೆ ಇಳಿಯಿತು. ಪೆಹಾನ್ ಪಕ್ಕಕ್ಕೆ ಜೋತುಬಿದ್ದು ಒಂದು ಕೈಯಲ್ಲಿ ಮಗುವನ್ನು, ಅದರ ಕೈಯಲ್ಲಿದ್ದ ನಾಯಿಮರಿ ಸಮೇತ, ಎತ್ತಿಕೊಂಡ. ಟೋಪಿ ಕಳೆದುಕೊಂಡ ಒಬ್ಬ ಸಿಪಾಯಿ ನೇರವಾಗಿ ಅವರ ಮೇಲೆ ಬರುತ್ತಿದ್ದ, ಕೈಯಲ್ಲಿ ಪಿಸ್ತೂಲು. ಪೆಹಾನ್ ಉಳಿದ ಬರಿಗೈಯನ್ನು ಆ ಸಿಪಾಯಿಯ ಎದೆಗೆ ಕೊಟ್ಟು, ಬಾಗಿಲು ನೂಕಿದ ಹಾಗೆ ನೂಕಿದ. ಸಿಪಾಯಿ ಕುದುರೆಯಿಂದ ಹೊಳೆಗೆ ಬಿದ್ದ. ಬದುಕಿರುವ, ಪಿಸ್ತೂಲು ಹಿಡಿದ ಶತ್ರು, ಬರಿಗೈ, ತೋಳಿನಲ್ಲಿ ಸ್ವಂತ ಮಗು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಮುಟ್ಟುವಿಕೆ ಇಲ್ಲ.

ಆದರೆ ನಮ್ಮಲ್ಲಿ ಸಾಕ್ಷಿಯಿಲ್ಲದ ಮುಟ್ಟುವಿಕೆಯೂ ಇಲ್ಲ. ನಾನು ಕಂಡೆ ಎಂದು ಇನ್ನೊಬ್ಬರು ಎದ್ದು ಹೇಳಬೇಕು. ಆ ಆರುನೂರು ಜನ ಒಬ್ಬರಿಗೊಬ್ಬರು ಹಾಗೆ ಹೇಳಿಕೊಂಡಿದ್ದರು. ಕಂಡವಳು ಅತ್ತೆ ಒಬ್ಬಳೇ. ಅವಳು ಹೇಳಿದರೆ, ಅಳಿಯನ ಹೆಸರು ಕೂಗಿದ್ದು, ಜಡೆ ಎಳೆದದ್ದು, ಮುಖಕ್ಕೆ ಮುಖ ಕೊಟ್ಟು ನೋಡಿದ್ದು, ಎಲ್ಲವನ್ನೂ ಹೇಳಬೇಕು. ಪೆಹಾನ್ ಅತ್ತೆಯನ್ನೂ ಮಗುವನ್ನೂ ದಿಣ್ಣೆಯ ಮೇಲೆ ಹೆಂಗಸರ ನಡುವೆ ಇಳಿಸಿ ಬಾಯಿ ಮುಚ್ಚಿಕೊಂಡ. ಅಕಸ್ಮಾತ್ ಅತ್ತೆಯ ಮುಖ ಕಂಡುಹೋದರೆ ಏನಾದರೂ ಉಡುಗೊರೆ ಕೊಟ್ಟು ಆ ನಾಚಿಕೆಯನ್ನು ಮುಚ್ಚಬೇಕು. ಅದನ್ನು ಕೊಟ್ಟರೂ ಜನ ಯಾಕೆಂದು ಕೇಳುತ್ತಾರೆ. ಅದಕ್ಕೆ ಅದನ್ನೂ ಕೊಡಲಿಲ್ಲ. ಮಗು ಹೇಗೆ ಸಿಕ್ಕಿತೆಂದು ಹಾಂತೆವಿನ್ ಕೇಳಿದಾಗ ಇಬ್ಬರೂ, ಒಬ್ಬರನ್ನೊಬ್ಬರು ಕೇಳದೆಯೇ, ಒಂದೇ ಮಾತು ಹೇಳಿದರು: ಬೂದಿ ಕಾಪಾಡಿತು.

ನಾವು ಕಾಳಗ ಗೆದ್ದು ನೆಲ ಕಳೆದುಕೊಂಡೆವು. ಒಂದು ವರ್ಷದೊಳಗೆ ಸರ್ಕಾರ ನಮಗೆಂದು ಎಳೆದ ಗೆರೆಯೊಳಗೆ ಬಂದು ಕೂತೆವು. ಸೈನ್ಯ ನಮ್ಮ ಕುದುರೆಗಳನ್ನೆಲ್ಲ ಕಿತ್ತುಕೊಂಡಿತು. ಬೂದಿಯ ಒಂದು ಗೊರಸು ಒಡೆದಿತ್ತು. ಇದು ನಾಯಿಗೂ ಬೇಡ ಎಂದು ಸಾರ್ಜೆಂಟ್ ಬಿಟ್ಟುಕೊಟ್ಟ. ಆಮೇಲೆ ಸರ್ಕಾರ ನಮಗೆ ನಾಗರಿಕತೆ ಕೊಟ್ಟಿತು. ಅಂದರೆ ಹದಿನೈದು ದಿನಕ್ಕೊಮ್ಮೆ ಹುಳ ಬಿದ್ದ ಹಿಟ್ಟು, ಮತ್ತು ಮನೆಗೊಂದು ಮರದ ದಿಮ್ಮಿಯ ಒಂದೇ ಕೋಣೆ. ಅತ್ತೆ ಅಳಿಯ ಇಬ್ಬರೂ ಅದರೊಳಗೆ. ಪೆಹಾನ್ ಹಳೆಯ ಡೇರೆಯ ಬಟ್ಟೆ ಹರಿದು ನಡುವೆ ಪರದೆ ಕಟ್ಟಿದ. ಹನ್ನೆರಡು ಚಳಿಗಾಲ ಅವರು ಆ ಪರದೆಯ ಎರಡು ಕಡೆ ಬದುಕಿದರು. ಅವಳ ಕೆಮ್ಮಿನಿಂದ ಅವನಿಗೆ ಅವಳ ಆರೋಗ್ಯ ತಿಳಿಯುತ್ತಿತ್ತು, ಅವನ ನಿಟ್ಟುಸಿರಿನಿಂದ ಅವಳಿಗೆ ಊರಿನ ಸುದ್ದಿ. ತಪಾಸಣೆಗೆ ಬಂದ ಅಧಿಕಾರಿ ಪರದೆಯನ್ನು ನೋಡಿ, ಈ ಕುಟುಂಬದಲ್ಲಿ ಸಾಮರಸ್ಯವಿಲ್ಲ ಎಂದು ಬರೆದುಕೊಂಡು ಹೋದ.

ಜಿತ್ಕಾಲಳಿಗೆ ಆ ದಿನದ ನೆನಪಿಲ್ಲ. ಬೂದಿ ತನ್ನನ್ನು ಕಾಪಾಡಿತೆಂದು ಕೇಳಿ ಬೆಳೆದಳು. ತನ್ನ ಪಾಲಿನ ರೊಟ್ಟಿ ಮುರಿದು ಬೂದಿಗೆ ತಿನ್ನಿಸುವಳು, ಅದರ ಕುತ್ತಿಗೆಗೆ ಮುತ್ತಿಡುವಳು. ಅಪ್ಪನ ಬಗ್ಗೆ ಅವಳಿಗೆ ಏನೂ ಹೇಳಿಕೊಳ್ಳಲಿಕ್ಕಿರಲಿಲ್ಲ. ಗೆಳತಿಯರ ಅಪ್ಪಂದಿರೆಲ್ಲ ಶೂರರು, ಸೋದರಮಾವ ಶುಂಗೀಲನಂತೂ ಮಹಾಶೂರ. ಕಾಳಗದ ದಿನ ಮೈಮೇಲೆ ನೂಲಿಲ್ಲದೆ ಹೊಳೆಯಿಂದ ಎದ್ದು ಓಡಿ, ನೀರಿನಲ್ಲಿ ತೇಲಿಬಂದ ಒಂದೇ ಒಂದು ಬೂಟು ಎತ್ತಿಕೊಂಡು ಬಂದಿದ್ದನಲ್ಲ, ಆ ಬೂಟಿಗೆ ಮೊದಲ ವರ್ಷ ಒಬ್ಬ ಸಿಪಾಯಿ ಹುಟ್ಟಿಕೊಂಡ. ಮೂರನೆಯ ವರ್ಷ ಇಬ್ಬರಾದರು. ಈಗ ಐದು ಜನ. ಐದು ಜನಕ್ಕೆ ಒಂದೇ ಬೂಟು ಹೇಗೆ ಎಂದು ಕೇಳುವಷ್ಟು ಕೆಟ್ಟ ಮನಸ್ಸು ನಮ್ಮಲ್ಲಿ ಯಾರಿಗೂ ಇರಲಿಲ್ಲ, ಯಾಕೆಂದರೆ ಎಲ್ಲರ ಹತ್ತಿರವೂ ಇಂಥ ಒಂದೊಂದು ಬೂಟಿತ್ತು.

ಹದಿಮೂರನೆಯ ವರ್ಷ ಪೂರ್ವದಿಂದ ಪೆಟ್ಟಿಬೋನ್ ಎಂಬ ಬಿಳಿಯ ಬಂದ. ಕಾಳಗದ ಮೇಲೆ ಪುಸ್ತಕ ಬರೆಯುತ್ತಾನಂತೆ. ಕತೆ ಹೇಳಿದವರಿಗೆ ಒಂದು ಡಬ್ಬಿ ಪೀಚ್ ಹಣ್ಣು, ಬೇಕಾದಷ್ಟು ಕಾಫಿ. ಬಾಯಿದ್ದವನು ಬರಗಾಲದಲ್ಲೂ ಬದುಕಿದ. ಪೆಟ್ಟಿಬೋನ್ ಅಂತೂ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಕಾಳಗದ ವರ್ಷ ತೊಟ್ಟಿಲಲ್ಲಿದ್ದವನೂ ಇಬ್ಬರನ್ನು ಮುಟ್ಟಿ ಒಂದು ಡಬ್ಬಿ ಹಣ್ಣು ತಿಂದ. ಹಿಟ್ಟು ಹಂಚುವ ದಿನ ಎಲ್ಲರೂ ಸೇರುತ್ತಾರೆ, ಅವತ್ತು ಶೂರರೆಲ್ಲ ಮಕ್ಕಳ ಸಮೇತ ಬಂದು ಎಲ್ಲರೆದುರಿಗೆ ಕತೆ ಹೇಳಬೇಕು ಎಂದು ತೀರ್ಮಾನವಾಯಿತು.

ಹಿಂದಿನ ದಿನ ಜಿತ್ಕಾಲ ಗೆಳತಿಯರ ಹತ್ತಿರದಿಂದ ಮುಖ ಊದಿಸಿಕೊಂಡು ಬಂದಳು.

"ಅಪ್ಪಾ, ನಾಳೆ ನೀನು ಬರ್ಬೇಡ."

ಪೆಹಾನ್ ಕಡಿವಾಣಕ್ಕೆ ಎಣ್ಣೆ ಹಚ್ಚುತ್ತಿದ್ದ. "ಹಿಟ್ಟು ತರಬೇಕಲ್ಲಮ್ಮಾ."

"ಹಿಟ್ಟು ನಾನು ತರ್ತೀನಿ. ಅವನು ನಿನ್ನನ್ನೂ ಕೇಳ್ತಾನೆ, ನೀನು ಆ ಕಿವಿ ಮಾತು ಹೇಳ್ತೀಯ. ಎಲ್ರೂ ನಗ್ತಾರೆ. ಆ ದಿನ ನನ್ನನ್ನ ಒಂದು ಕುದುರೆ ಹುಡುಕ್ತು. ನೀನೆಲ್ಲಿದ್ದೆ ಅಪ್ಪಾ?"

ಅವನ ಕೈ ನಿಂತಿತು. ಊರಿನವರು ಹದಿಮೂರು ವರ್ಷ ನಕ್ಕದ್ದು ಅವನನ್ನು ಮುಟ್ಟಿರಲಿಲ್ಲ, ಇದು ಮುಟ್ಟಿತು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತು ಪರದೆಯಾಚೆಗೆ ಕುಳಿತಿತ್ತು.

"ಆಯ್ತು," ಎಂದ. "ಗಾಡಿ ಹತ್ರಾನೇ ಇರ್ತೀನಿ. ಮುಂದೆ ಬರಲ್ಲ."

ಪರದೆಯಾಚೆಗೆ ಯಾರೋ ಒಣಮಾಂಸ ಕುಟ್ಟುತ್ತಿದ್ದ ಸದ್ದು ನಿಂತಿತು. ಆ ಸಂಜೆಯೆಲ್ಲ ಅದು ಮತ್ತೆ ಶುರುವಾಗಲಿಲ್ಲ.

ಮರುದಿನ ಹಿಟ್ಟಿನ ಉಗ್ರಾಣದ ಮುಂದೆ, ಮರದ ನೆರಳಿನಲ್ಲಿ, ಪೆಟ್ಟಿಬೋನ್ ಮೇಜು ಹಾಕಿಕೊಂಡು ಕುಳಿತಿದ್ದ. ಪಕ್ಕದಲ್ಲಿ ದುಭಾಷಿ ಬತೀಸ್, ಬಿಳಿಯ ಅಪ್ಪ, ಲಕೋಟ ತಾಯಿ, ಎರಡೂ ಭಾಷೆಯಲ್ಲಿ ಸೋಮಾರಿ. ಶುಂಗೀಲ ಎದ್ದು ಬೂಟು ಹಿಡಿದುಕೊಂಡು ಐದು ಜನರನ್ನು ಮುಟ್ಟಿದ. ಪೆಟ್ಟಿಬೋನನ ಕಣ್ಣು ಅಗಲವಾದದ್ದನ್ನು ಕಂಡು ಆರನೆಯವನನ್ನೂ ಮುಟ್ಟಿಬಿಟ್ಟ.

"ಇವತ್ತು ನಮ್ಮ ಭಾವ ಎಲ್ಲಿ?" ಎಂದು ಕೂಗಿದ. "ಅವನನ್ನೂ ಕೇಳ್ರಪ್ಪಾ. ಕಿವಿ ಎಷ್ಟುದ್ದ ಇತ್ತು ಅಂತ ಅವನೊಬ್ಬನಿಗೇ ಗೊತ್ತು."

ಜನ ನಕ್ಕರು. ಜಿತ್ಕಾಲ ತಲೆ ತಗ್ಗಿಸಿದಳು. ಪೆಹಾನ್ ಉಗ್ರಾಣದ ಗೋಡೆಯ ಪಕ್ಕ ಗಾಡಿಯ ಹತ್ತಿರ ನಿಂತಿದ್ದವನು ಅಲ್ಲಿಂದಲೇ ಇನ್ನೊಂದು ಹೆಜ್ಜೆ ಹಿಂದೆ ಸರಿದ.

ಆಗ ಜನ ಎರಡು ಭಾಗವಾಗಿ ದಾರಿ ಬಿಟ್ಟರು. ವಿಯಾಕಾ ಬರುತ್ತಿದ್ದಳು. ಕುಂಟುತ್ತ, ತಲೆಯಿಂದ ಸೊಂಟದವರೆಗೆ ಶಾಲು ಇಳಿಬಿಟ್ಟುಕೊಂಡು, ಹಲ್ಲು ಬಿದ್ದ ಬೂದಿಯನ್ನು ಹಗ್ಗ ಹಿಡಿದು ನಡೆಸಿಕೊಂಡು. ಕೆಂಪು ಶಾಲು ಕಂಡದ್ದೇ ಪೆಹಾನ್ ಗೋಡೆಗೆ ಮುಖ ಮಾಡಿ ನಿಂತ. ಮೇಜಿನ ಮುಂದೆ ಅವಳು ನಿಂತಳು. ಪೆಟ್ಟಿಬೋನನ ಕಡೆ ನೋಡಲಿಲ್ಲ, ಶೂರರ ಕಡೆ ನೋಡಲಿಲ್ಲ. ಕುದುರೆಯ ಕಿವಿಗೆ, ಆದರೆ ಉಗ್ರಾಣದ ಗೋಡೆಯವರೆಗೂ ಕೇಳುವ ಹಾಗೆ, ಹೇಳಿದಳು.

"ಬೂದಿ, ಹದಿಮೂರು ವರ್ಷ ನಿನ್ನ ಹೆಸರಲ್ಲಿ ಸುಳ್ಳು ಹೇಳಿದೀವಿ. ನೀನು ಬೇಜಾರು ಮಾಡ್ಕೋಬೇಡ. ಮಗೂನ ಎತ್ಕೊಂಡಿದ್ದು ನೀನಲ್ಲ. ನಿನಗೆ ಕೈ ಇಲ್ಲ. ನನ್ನ ಮಗಳ ಗಂಡ ಎತ್ಕೊಂಡ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಪಿಸ್ತೂಲು ಹಿಡಿದ ಸಿಪಾಯಿ ಎದೆ ಮುಟ್ಟಿ ಹೊಳೆಗೆ ತಳ್ಳಿದ. ನಾನು ಕಂಡೆ. ಹೇಗೆ ಕಂಡೆ ಅಂತ ಇಲ್ಲಿರೋ ದೊಡ್ಡೋರು ಕೇಳ್ತಾರೆ. ನಾನು ಅವನ ಜಡೆ ಎಳೆದೆ. ಅವನ ಹೆಸರು ಕೂಗಿದೆ. ಅವನು ತಿರುಗಿದ, ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ನನ್ನ ಮಾನ ಉಳೀಲಿ ಅಂತ ಅವನು ಹದಿಮೂರು ವರ್ಷ ಹೇಡಿ ಅನ್ನಿಸ್ಕೊಂಡ. ಇನ್ನು ಸಾಕು. ನನಗೆ ವಯಸ್ಸಾಯ್ತು, ನನ್ನ ಮಾನ ಇಟ್ಕೊಂಡು ನಾನೇನ್ ಮಾಡ್ಲಿ."

ನಾಚಿಕೆಯನ್ನು ಮೈಮೇಲೆ ಹಾಕಿಕೊಂಡು ಹೇಳಿದ ಸಾಕ್ಷಿಯನ್ನು ಸುಳ್ಳೆನ್ನಲು ಯಾರಿಗೆ ಬಾಯಿ ಬಂದೀತು. ಮುದುಕರ ಸಾಲಿನಿಂದ ಒಬ್ಬರು, ಇಷ್ಟು ದಿನ ಒಂದು ಡಬ್ಬಿ ಹಣ್ಣಿಗೂ ಕೈಚಾಚದವರು, "ಹೌ", ಅಂದರೆ ಒಪ್ಪಿದೆ, ಎಂದರು. ಆಮೇಲೆ ಎಲ್ಲ ಮುದುಕರೂ ಅಂದರು. ಹೆಂಗಸರು ನಾಲಗೆ ಅಲುಗಿಸಿ ಹಿಂದಿನ ಕಾಲದ ಹಾಗೆ ಕೂಗು ಹಾಕಿದರು. ಗೆರೆಯೊಳಗೆ ಬಂದ ಮೇಲೆ ಆ ಕೂಗು ಕೇಳಿರಲೇ ಇಲ್ಲ.

ಪೆಟ್ಟಿಬೋನ್ ಪೆನ್ಸಿಲು ಎತ್ತಿಕೊಂಡು, ಏನಂತೆ ಎಂದು ಕೇಳಿದ. ಬತೀಸ್ ಆಕಳಿಸಿದ.

"ಮುದುಕಿ ಕುದುರೆ ಜೊತೆ ಮಾತಾಡ್ತಾ ಇದಾಳೆ ಸಾರ್."

ಪೆಟ್ಟಿಬೋನ್ ಅದನ್ನು ಬರೆದುಕೊಂಡ. ಪುಸ್ತಕದಲ್ಲಿ ಅದು ಬಂತಂತೆ: ಈ ಜನ ಪ್ರಾಣಿಗಳಿಗೆ ಮಾತು ತಿಳಿಯುತ್ತದೆಂದು ನಂಬುತ್ತಾರೆ. ಶುಂಗೀಲನ ಆರು ಜನಕ್ಕೆ ಅದೇ ಪುಸ್ತಕದಲ್ಲಿ ಪೂರ್ತಿ ಒಂದು ಅಧ್ಯಾಯ.

ಶುಂಗೀಲ ಮಾತ್ರ ಅವತ್ತು ಬೂಟನ್ನು ಕಂಕುಳಲ್ಲಿ ಅಡಗಿಸಿಕೊಂಡು ಗಾಡಿಯ ಹತ್ತಿರ ಹೋದ.

"ಭಾವ, ನನ್ನ ಆರ್ರಲ್ಲಿ ಐದು ನೀನು ತಗೋ. ಒಂದು ನನಗಿರ್ಲಿ, ಮಕ್ಕಳಿದಾರೆ."

"ಬೂಟು?" ಎಂದ ಪೆಹಾನ್ ಗೋಡೆಗೆ.

"ಬೂಟು ಕೊಡಲ್ಲ."

ಜಿತ್ಕಾಲ ಬಂದು ಅಪ್ಪನ ಪಕ್ಕದಲ್ಲಿ, ತಾನೂ ಗೋಡೆಗೆ ಮುಖ ಮಾಡಿ ನಿಂತಳು. ಅಳುತ್ತಿದ್ದಳು. ಅವನ ತೋಳು ಹಿಡಿದುಕೊಂಡಳು, ನಾಲ್ಕು ವರ್ಷದ ಮಗುವನ್ನು ಎತ್ತಿದ್ದ ಅದೇ ತೋಳು. ಅವನು ಗೋಡೆ ನೋಡುತ್ತಲೇ ಹೇಳಿದ.

"ಅಮ್ಮಾ, ಒಂದು ಕೆಲಸ ಮಾಡು. ಬೂದೀನ ದೊಡ್ಡೋರಿಗೆ ಕೊಟ್ಟೆ ಅಂತ ಎಲ್ರ ಮುಂದೆ ಹೇಳು. ಇದು ಹದಿಮೂರು ವರ್ಷದ ಹಿಂದೇನೇ ಕೊಡಬೇಕಾಗಿದ್ದ ಉಡುಗೊರೆ."

ಅವನ ಹತ್ತಿರ ಇದ್ದದ್ದು ಅದೊಂದೇ ಆಸ್ತಿ. ನಾಚಿಕೆ ಮುಚ್ಚಿತು, ಪರದೆ ಮತ್ತೆ ಬಿತ್ತು. ಕುದುರೆಕಿವಿ ಎಂಬ ಹೆಸರು ಹೋಗಲಿಲ್ಲ. ಆದರೆ ಅದನ್ನು ಕರೆಯುವಾಗ ಜನ ಮೊದಲಿನಂತೆ ನಗುತ್ತಿರಲಿಲ್ಲ, ಮತ್ತು ಎರಡು ವರ್ಷದ ಮೇಲೆ ಜಿತ್ಕಾಲ ತನ್ನ ಚೊಚ್ಚಲ ಮಗನಿಗೆ ಹಟಹಿಡಿದು ಅದೇ ಹೆಸರಿಟ್ಟಳು.

ವಿಯಾಕಾ ಇನ್ನೂ ಆರು ಚಳಿಗಾಲ ಬದುಕಿದಳು. ಆ ಆರು ವರ್ಷದಲ್ಲಿ ಪೆಹಾನ್ ಒಂದು ಸಲವೂ ಅವಳ ಕಡೆ ತಿರುಗಲಿಲ್ಲ. ಬೂದಿಗೆ ಇಬ್ಬರೂ ದಿನಾ ಬೆಳಿಗ್ಗೆ ಒಂದಿಷ್ಟು ಮಾತಾಡುತ್ತಿದ್ದರು, ಉಪ್ಪು ಮುಗಿದದ್ದು, ಸೊಂಟ ನೋವು, ಸರ್ಕಾರದ ಹೊಸ ಸುಳ್ಳು. ಬೂದಿ ಸತ್ತ ಮೇಲೆ ಅದನ್ನು ಕಟ್ಟುತ್ತಿದ್ದ ಗೂಟಕ್ಕೆ ಮಾತಾಡಿದರು.

ಅವಳು ತೀರಿಕೊಂಡ ದಿನ ಹೆಂಗಸರು ಪರದೆ ಬಿಚ್ಚಿ ಅವಳನ್ನು ಮಲಗಿಸಿದರು. ಶಾಲು ಮುಖದಿಂದ ಸರಿದಿತ್ತು. ಪೆಹಾನ್ ಬಾಗಿಲ ಹೊರಗೆ ಬೆನ್ನು ಮಾಡಿ ನಿಂತಿದ್ದ. ಜಿತ್ಕಾಲ ಹೊರಗೆ ಬಂದು ಅವನ ತೋಳು ಮುಟ್ಟಿದಳು.

"ಅಪ್ಪಾ, ಸತ್ತವರಿಗೆ ಆ ಕಟ್ಟಳೆ ಇಲ್ವಂತೆ. ಈಗ ಒಳಗೆ ಬಂದು ಅಜ್ಜಿ ಮುಖ ನೋಡ್ಬಹುದು."

"ನೋಡಿದೀನಿ," ಎಂದ ಪೆಹಾನ್. ಅಲ್ಲಿಂದ ಕದಲಲಿಲ್ಲ.